ಅಪ್ಪನಿಗೆ ಎಡಿನ್‌ಬರೋ ಬೇಡವಂತೆ

ಪ್ರಶ್ನೆ: ಆರು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಅಪ್ಪ ಅಮ್ಮ ಅರಸೀಕೆರೆಯಿಂದ ಮೊದಲ ಸಲ ಬಂದಿದ್ದಾರೆ. ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿದ್ದವರು. ಐದು ವಾರಾಂತ್ಯ ಓಡಾಡಿ ಲಂಡನ್, ವಿಂಡ್ಸರ್, ಬಾತ್ ಎಲ್ಲ ತೋರಿಸಿದೆ. ನನ್ನ ಹೆಂಡತಿ ಬೆಳಗ್ಗೆ ಐದಕ್ಕೇ ಎದ್ದು ಪುಳಿಯೋಗರೆ ಕಟ್ಟುತ್ತಾಳೆ. ಅಪ್ಪ ಮಾತ್ರ ಎಲ್ಲದಕ್ಕೂ ರೂಪಾಯಿ ಲೆಕ್ಕ ಹಾಕುತ್ತಾರೆ. ಪುರಾತನ ದೊಡ್ಡ ಕಲ್ಲುಗಳು ನಿಂತಿರುವ ಸ್ಟೋನ್‌ಹೆಂಜ್‌ನಲ್ಲಿ 'ಈ ಕಲ್ಲು ನೋಡೋಕೆ ಇಷ್ಟು ದುಡ್ಡಾ?' ಅಂದರು. ಜನರ ಮುಂದೆಯೇ ಜಗಳವಾಯಿತು. ಮುಂದಿನ ವಾರ ಮೂರು ದಿನಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋ ಬುಕ್ ಮಾಡಿದ್ದೇನೆ, ಹಣ ವಾಪಸ್ ಬರುವುದಿಲ್ಲ. ಅಪ್ಪ ಬರಲ್ಲ ಅನ್ನುತ್ತಾರೆ. ಅವರು ಬರದಿದ್ದರೆ ಮಂಡಿನೋವಿನ ಅಮ್ಮನೂ ಬರಲ್ವಂತೆ. ಮನೆಯಲ್ಲಿದ್ದರೆ ಅಪ್ಪ ಕಿಟಕಿ ಪಕ್ಕ ಕೂತು ಎದುರಿನ ಸ್ಟಾಪಿಗೆ ಬರುವ ಬಸ್ಸು ನೋಡುತ್ತಾರೆ, ಅಷ್ಟೇ. ಬಲವಂತ ಮಾಡಿ ಕರೆದೊಯ್ಯಲೇ?

ಉತ್ತರ: ಬೇಡ. ಕೊಟ್ಟ ದುಡ್ಡು ಹೇಗೂ ಹೋಯಿತು. ಅದರ ಹಿಂದೆ ಅಪ್ಪನನ್ನೂ ಎಳೆದುಕೊಂಡು ಹೋಗಬೇಡಿ.

ಸ್ಟೋನ್‌ಹೆಂಜ್ ವಿಷಯದಲ್ಲಿ ನಾನು ಅರ್ಧ ನಿಮ್ಮಪ್ಪನ ಕಡೆ. ಟಿಕೆಟ್ ಕೊಂಡು, ಶಟಲ್ ಬಸ್ಸು ಹತ್ತಿ ಹೋದರೂ ಹಗ್ಗದ ಆಚೆ ನಿಂತು ದೂರದಿಂದ ನೋಡಬೇಕು. ನಮ್ಮ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಅಂಥ ಪುರಾತನ ಕಲ್ಮನೆಗಳು ನೂರಾರಿವೆ. ಅಲ್ಲಿಗೆ ನೀವು ಅವರನ್ನು ಯಾವತ್ತಾದರೂ ಕರೆದುಕೊಂಡು ಹೋಗಿದ್ದೀರಾ?

ಇರಲಿ. ನೀವು 'ಅಷ್ಟೇ' ಅಂತ ಮುಗಿಸಿದ ಸಾಲನ್ನು ನಾನು ಎರಡು ಸಲ ಓದಿದೆ. ಅಪ್ಪ ಬಸ್ಸು ನೋಡುತ್ತಿದ್ದಾರೆ. ಸರ್ವೀಸೆಲ್ಲ ಚಿಲ್ಲರೆ ಎಣಿಸಿ, ಟಿಕೆಟ್ ಹರಿದು, ಟ್ರಿಪ್ ಶೀಟ್ ಬರೆದು, ಡಿಪೋದಲ್ಲಿ ಪೈಸೆ ಪೈಸೆ ಲೆಕ್ಕ ಒಪ್ಪಿಸಿದ ಮನುಷ್ಯ ಅವರು. ಕಾಸು ಕಮ್ಮಿ ಬಂದರೆ ಕೈಯಿಂದ ಕಟ್ಟಬೇಕಿತ್ತು. ಪೌಂಡನ್ನು ರೂಪಾಯಿಗೆ ಗುಣಿಸುವುದು ನಿಮ್ಮನ್ನು ಹಂಗಿಸಲಿಕ್ಕಲ್ಲ, ಅವರ ತಲೆ ಓಡುವುದೇ ಹಾಗೆ. ನಿಮಗೆ ಅದು 'ನೀನು ದುಡಿದಿದ್ದು ಇಷ್ಟೇನಾ' ಅಂದಂತೆ ಕೇಳಿಸುತ್ತಿದೆ. ಆ ಉರಿ ಎಲ್ಲಿಂದ ಬರುತ್ತಿದೆ ಅಂತ ನೀವೇ ಒಂದು ಸಂಜೆ ಕೂತು ನೋಡಿಕೊಳ್ಳಿ.

ಅವರಿಗೆ ಬಸ್ಸು ತೋರಿಸಿ. ರೆಡಿಂಗ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿ ಅವರ ಕೈಗೇ ಒಂದು ಆಯ್‌ಸ್ಟರ್ ಕಾರ್ಡ್, ಅಂದರೆ ಮೊದಲೇ ದುಡ್ಡು ತುಂಬಿಸಿಟ್ಟ ಪ್ರಯಾಣದ ಕಾರ್ಡು ಕೊಡಿ. ಲಂಡನ್ನಿನ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡನ್ನು ಅವರೇ ತಾಗಿಸಲಿ. 2025ರಲ್ಲಿ ಒಂದು ಸಲಕ್ಕೆ 1.75 ಪೌಂಡು ಇತ್ತು, ಸುಮಾರು 200 ರೂಪಾಯಿ. ಆಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿ ಹತ್ತಿದರೂ ಮತ್ತೆ ದುಡ್ಡಿಲ್ಲ. ಇದನ್ನು ಕೇಳಿದ ಮೇಲೆ ಅವರು ಹಾಕುವ ಲೆಕ್ಕವೇ ಬೇರೆ ಇರುತ್ತದೆ, ನೋಡಿ!

ಸಾಧ್ಯವಾದರೆ 159ನೇ ನಂಬರಿನ ಬಸ್ಸು ಹತ್ತಿಸಿ. ಕಂಡಕ್ಟರ್ ಇರುತ್ತಿದ್ದ ಹಳೇ ರೂಟ್‌ಮಾಸ್ಟರ್ ಬಸ್ಸುಗಳು ನಿತ್ಯದ ಓಡಾಟ ನಿಲ್ಲಿಸಿದ್ದು ಈ ರೂಟಿನಲ್ಲೇ, 2005ರ ಡಿಸೆಂಬರಿನಲ್ಲಿ. ಟ್ರಫಾಲ್ಗರ್ ಚೌಕ, ಪಾರ್ಲಿಮೆಂಟು ಎಲ್ಲ ಅದರಲ್ಲೇ ಬರುತ್ತವೆ. ಅಪ್ಪ ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂರಲಿ. ಅಮ್ಮನ ಜೊತೆ ನೀವು ಕೆಳಗಿರಿ. ಬಸ್ಸುಗಳ ನೆಲ ತಗ್ಗು, ಮಂಡಿಗೆ ಸಲೀಸು. ನೆಲದಡಿಯ ಟ್ಯೂಬ್ ರೈಲಿನ ಎಷ್ಟೋ ಸ್ಟೇಷನ್‌ಗಳಲ್ಲಿ ಮೆಟ್ಟಿಲು ಹತ್ತಿ ಇಳಿದೇ ಸಾಕಾಗುತ್ತದೆ. ದಾರಿಯಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ ನೋಡಿ, ಥೇಮ್ಸ್ ದಂಡೆಯ ಬೆಂಚಿನ ಮೇಲೆ ಪುಳಿಯೋಗರೆ ಬಿಚ್ಚಿ. ಆ ಪ್ರತಿಮೆ 2015ರಲ್ಲಿ ಅನಾವರಣವಾದದ್ದು. ಅದಕ್ಕೂ ಟಿಕೆಟ್ ಇಲ್ಲ.

ಆ ದಿನದ ಪುಳಿಯೋಗರೆ ನೀವು ಕಲಸಿ. ಇಷ್ಟುದ್ದದ ಪತ್ರದಲ್ಲಿ ನಿಮ್ಮ ಹೆಂಡತಿ ಬಂದಿದ್ದು ಒಂದೇ ಸಾಲಿನಲ್ಲಿ, ಅದೂ ಬೆಳಗಿನ ಐದು ಗಂಟೆಗೆ. ಐದು ವಾರಾಂತ್ಯ ಅವರಿಗೆ ರಜೆಯೇ ಇರಲಿಲ್ಲ, ಅಲ್ವಾ? ಎಡಿನ್‌ಬರೋ ಬೇಕಾ ಅಂತ ಮೊದಲು ಅವರನ್ನು ಕೇಳಿ.

ಆಮೇಲೆ ಅಮ್ಮನನ್ನು ಕೇಳಿ. ಅಪ್ಪನ ಎದುರಲ್ಲ, ಅಡುಗೆಮನೆಯಲ್ಲಿ, ಸೊಪ್ಪು ಸೋಸುವಾಗ. 'ಅವರು ಬರದಿದ್ದರೆ ನಾನೂ ಬರಲ್ಲ' ಅನ್ನುವುದು ನಮ್ಮ ಅಮ್ಮಂದಿರ ಬಾಯಿಗೆ ಅಭ್ಯಾಸವಾಗಿ ಬಂದ ಮಾತು. ಒಳಗೆ ಆಸೆ ಇದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಬರುತ್ತೇನೆ ಅಂದರೆ ಕರೆದುಕೊಂಡು ಹೋಗಿ. ಆದರೆ ಕೋಟೆ ಹತ್ತಿಸಬೇಡಿ. ಅಲ್ಲಿಗೆ ಹೋಗುವ ರಾಯಲ್ ಮೈಲ್ ಏರು ರಸ್ತೆ, ಮೇಲೆ ಕಲ್ಲುಹಾಸು. ಕೆಳಗಿನ ಪ್ರಿನ್ಸಸ್ ಸ್ಟ್ರೀಟ್ ತೋಟದ ಬೆಂಚಿನಿಂದ ಕೋಟೆ ಚೆನ್ನಾಗಿಯೇ ಕಾಣುತ್ತದೆ.

ಅಪ್ಪ ಒಬ್ಬರೇ ಮೂರು ದಿನ ಹೇಗಿರುತ್ತಾರೆ ಅನ್ನುತ್ತೀರಾ? ಹಳ್ಳಿ ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡಿದ ಕಂಡಕ್ಟರು ರೀ ಅವರು. ಒಲೆ ಹಚ್ಚುವುದು, ಬಾಗಿಲು ಹಾಕುವುದು ಎರಡೆರಡು ಸಲ ತೋರಿಸಿ. ನಿಮ್ಮ ನಂಬರು, ಪಕ್ಕದ ಮನೆಯವರ ನಂಬರು, ತುರ್ತು ಸಹಾಯದ 999, ಪ್ರವಾಸ ವಿಮೆಯ ಕಾಗದ ಎಲ್ಲ ಫ್ರಿಜ್ ಮೇಲೆ ಅಂಟಿಸಿ. ಫ್ರಿಜ್ ಒಳಗೆ ಸಾರು, ಮೊಸರು ಇರಲಿ. ಹೊರಡುವ ಮುಂಚೆ ಎದುರಿನ ಸ್ಟಾಪಿನ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಅಂತ ಅವರನ್ನೇ ಕೇಳಿ. ಅವರಿಗೆ ಗೊತ್ತಿರುತ್ತದೆ.