ಓದುಗರ ಪ್ರಶ್ನೆ: ನನಗೇ ಅಂತ ಒಂದು ಕ್ಯಾಮೆರಾ, ಒಂದು ಪುಸ್ತಕ

ಪ್ರಶ್ನೆ: ನಮಸ್ಕಾರ ಸರ್. ನನಗೀಗ 54 ವರ್ಷ. ಕಾಲೇಜಿನಲ್ಲಿದ್ದಾಗ ಫೋಟೊ ಕ್ಲಬ್ಬಿನ ಟ್ವಿನ್ ಲೆನ್ಸ್ (ಮೇಲೊಂದು, ಕೆಳಗೊಂದು ಲೆನ್ಸ್ ಇರುವ) ಕ್ಯಾಮೆರಾದಲ್ಲಿ ಎರಡು ವರ್ಷ ಫೋಟೊ ತೆಗೆದಿದ್ದೆ. ಆಮೇಲೆ ಕೆಲಸ, ಮನೆ, ಮಕ್ಕಳ ಓದು. ಈಗ ಅಂಥದ್ದೇ ಒಂದು ಯಾಷಿಕಾ-ಮ್ಯಾಟ್ 124 ಜಿ ಕೊಳ್ಳುವಷ್ಟು ದುಡ್ಡು ಕೂಡಿಟ್ಟಿದ್ದೇನೆ. ಆಗ ಲೈಬ್ರರಿಯಿಂದ ತಂದು ಓದುತ್ತಿದ್ದ ಒಂದು ಪುಸ್ತಕವೂ ಬೇಕು. ಕಿಟಕಿ ಬೆಳಕಿನಲ್ಲಿ ಮುಖಗಳ ಫೋಟೊ ತೆಗೆಯುವುದರ ಬಗ್ಗೆ ಇತ್ತು ಅದು. ಈಗ ಅಚ್ಚಿನಲ್ಲಿಲ್ಲ. ಮೂರು ಸಲ ಕೊಳ್ಳಲು ಹೊರಟು ಸುಮ್ಮನಾದೆ. ಮೊಬೈಲಿನಲ್ಲೇ ಇಷ್ಟು ಚೆನ್ನಾಗಿ ಬರುವಾಗ ಇದೆಲ್ಲ ಯಾಕೆ ಅಂತ ಮನೆಯಲ್ಲಿ ಯಾರೂ ಅಂದಿಲ್ಲ, ನನಗೇ ಅನಿಸುತ್ತದೆ. ಕೊಳ್ಳಲಾ? ಮೊದಲು ಯಾವುದು?

ಉತ್ತರ: ಕೊಳ್ಳಿ ಮೇಡಂ. ಮೊದಲು ಪುಸ್ತಕ, ಆಮೇಲೆ ಕ್ಯಾಮೆರಾ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವತ್ತು ವರ್ಷ ಕಳೆದರೂ ಪುಸ್ತಕದಲ್ಲಿ ಏನಿತ್ತು ಅಂತ ನಿಮಗೆ ನೆನಪಿದೆ. ಇದು ನಿನ್ನೆ ಮೊನ್ನೆ ಹುಟ್ಟಿದ ಆಸೆ ಅಲ್ಲ. ಮೊಬೈಲಿನ ಜೊತೆ ಹೋಲಿಸುವುದನ್ನು ಬಿಟ್ಟುಬಿಡಿ. ಟ್ವಿನ್ ಲೆನ್ಸ್ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ ಗಾಜಿನೊಳಗೆ ನೋಡುತ್ತೀರಿ. ಎಡ ಬಲ ಅದಲುಬದಲಾಗಿ ಕಾಣುತ್ತದೆ. ಎದುರಿಗೆ ಕೂತವರ ಮುಖಕ್ಕೆ ನಿಮ್ಮ ಮುಖ ಅಡ್ಡ ಬರುವುದಿಲ್ಲ, ಅವರು ನಿರಾಳವಾಗಿ ಕೂರುತ್ತಾರೆ. ಒಂದು ರೋಲಿಗೆ ಹನ್ನೆರಡೇ ಫೋಟೊ. ಆ ಕೆಲಸದ ರುಚಿ ನಿಮಗೆ ಗೊತ್ತು, ನಾನು ಹೇಳಬೇಕಾಗಿಲ್ಲ.

ಪುಸ್ತಕ ಮೊದಲು ಅಂದಿದ್ದಕ್ಕೆ ಕಾರಣ ಇದೆ. ಒಳ್ಳೆಯ ಕ್ಯಾಮೆರಾ ಸಿಗಲು ತಿಂಗಳುಗಟ್ಟಲೆ ಹಿಡಿಯಬಹುದು. ಅಷ್ಟರಲ್ಲಿ ಪುಸ್ತಕ ಓದುತ್ತಾ ಕಣ್ಣು ಪಳಗಿರುತ್ತದೆ. ಹುಡುಕುವಾಗ ಲೇಖಕರ ಹೆಸರು, ಪ್ರಕಾಶಕರು, ವರ್ಷ ಈ ಮೂರನ್ನು ಹಿಡಿದು ಹುಡುಕಿ. ಪ್ರತಿ ಪುಸ್ತಕಕ್ಕೂ ಕೊಡುವ ಗುರುತಿನ ನಂಬರ್, ಅಂದರೆ ಐಎಸ್‌ಬಿಎನ್ ಪದ್ಧತಿ, ಬಂದದ್ದೇ 1970ರ ಸುಮಾರಿಗೆ. ಅದಕ್ಕಿಂತ ಹಳೆಯ ಮುದ್ರಣಕ್ಕೆ ಆ ನಂಬರ್ ಇರುವುದಿಲ್ಲ. 2007ಕ್ಕೆ ಮುಂಚಿನ ಪುಸ್ತಕದಲ್ಲಿ ಹತ್ತು ಅಂಕಿಯದೇ ಇದ್ದರೆ ಗಾಬರಿ ಬೇಡ, ಹದಿಮೂರು ಅಂಕಿ ಶುರುವಾದದ್ದು ಆಗ. ವರ್ಲ್ಡ್‌ಕ್ಯಾಟ್ ಅನ್ನುವ ಕ್ಯಾಟಲಾಗಿನಲ್ಲಿ ಯಾವ ಯಾವ ಲೈಬ್ರರಿಯಲ್ಲಿ ಪ್ರತಿ ಇದೆ, ಎಷ್ಟು ಆವೃತ್ತಿ ಬಂದಿವೆ ಅಂತ ನೋಡಬಹುದು. ಸಾಧ್ಯವಾದರೆ ಲೈಬ್ರರಿಯಿಂದ ತರಿಸಿ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನೆನಪಿನಲ್ಲಿರುವ ಆವೃತ್ತಿ ಯಾವುದು ಅಂತ ಆಗ ಖಚಿತವಾಗುತ್ತದೆ.

ಫೋಟೊಗಳ ಪುಸ್ತಕ ಕೊಳ್ಳುವವರು ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಆರ್ಡರ್ ಬಂದಾಗ ಮಾತ್ರ ಅಚ್ಚು ಹಾಕಿ ಕಳಿಸುವ ಪ್ರತಿಗಳು ಈಗ ಜಾಸ್ತಿ. ಬರಹ ಓದಲು ಅವು ನಡೆಯುತ್ತವೆ. ಆದರೆ ಕಿಟಕಿ ಬೆಳಕು ಕೆನ್ನೆಯ ಮೇಲೆ ಹೇಗೆ ಇಳಿಯುತ್ತದೆ ಅಂತ ತೋರಿಸುವ ಫೋಟೊ ಅಲ್ಲಿ ಬರೀ ಕಪ್ಪು ಮತ್ತು ಬಿಳಿ ಮಚ್ಚೆಯಾಗಿರುತ್ತದೆ. ನಡುವಿನ ಬೂದು ಛಾಯೆಗಳೆಲ್ಲ ಹೋಗಿರುತ್ತವೆ. ನಿಮಗೆ ಬೇಕಾದದ್ದೇ ಆ ಬೂದು, ಅಲ್ವಾ? ಕೊಳ್ಳುವ ಮುಂಚೆ ಮುದ್ರಣದ ವಿವರ ಇರುವ ಪುಟ, ನಡುವಿನ ಎರಡು ಫೋಟೊ ಪುಟ, ಪುಸ್ತಕದ ಬೆನ್ನು, ಇಷ್ಟರ ಚಿತ್ರ ಕೇಳಿ. ಲೈಬ್ರರಿ ಸೀಲ್ ಇರುವ, ಹೊರಗಿನ ಜಾಕೆಟ್ ಹೋದ ಪ್ರತಿ ಅಗ್ಗಕ್ಕೆ ಸಿಗುತ್ತದೆ. ನಾನಾಗಿದ್ದರೆ ಅದನ್ನೇ ಕೊಳ್ಳುತ್ತೇನೆ. ಪುಟಗಳು ಪೂರ್ತಿ ಇದ್ದರೆ ಸಾಕು.

ಇನ್ನು ಕ್ಯಾಮೆರಾ. 124 ಜಿ 1970ರಲ್ಲಿ ಬಂದು 1986ರವರೆಗೆ ತಯಾರಾದ ಮಾದರಿ. ಅಂದರೆ ತೀರಾ ಹೊಸದಕ್ಕೂ ಮೂವತ್ತೈದು ದಾಟಿದೆ. ನಾನು ಮೊದಲ ಸಲ ಟ್ವಿನ್ ಲೆನ್ಸ್ ಕೊಂಡಾಗ ಹೊರಗಿನ ಹೊಳಪು ನೋಡಿ ಮರುಳಾದೆ. ಒಂದು ಗೀರಿರಲಿಲ್ಲ. ಮಾರಿದವರು ಸುಸ್ಥಿತಿಯಲ್ಲಿದೆ ಅಂದಿದ್ದರು. ಮೊದಲ ರೋಲ್ ಡೆವಲಪ್ ಮಾಡಿ ನೋಡಿದರೆ, ಬೆಳಕಿಗೆ ಎದುರಾಗಿ ತೆಗೆದ ಫೋಟೊಗಳೆಲ್ಲ ಮಂಜು ಮುಸುಕಿದ ಹಾಗೆ. ಟಾರ್ಚ್ ಬಿಟ್ಟು ನೋಡಿದಾಗ ಲೆನ್ಸಿನ ಗಾಜುಗಳ ನಡುವೆ ಜೇಡರ ಬಲೆಯಂಥ ಎಳೆಗಳು ಕಂಡವು. ಫಂಗಸ್. ಅದು ಗಾಜಿನ ಮೇಲಿನ ಲೇಪವನ್ನು ತಿಂದುಬಿಟ್ಟಿತ್ತು. ಒರೆಸಿದರೂ ಗುರುತು ಹೋಗಲಿಲ್ಲ. ಆ ಬೇಸರ ನಿಮಗೆ ಬೇಡ.

ಅದಕ್ಕೇ ಕ್ಯಾಮೆರಾ ಕೈಗೆ ಬಂದ ದಿನವೇ ಹೀಗೆ ಮಾಡಿ. ಹಿಂಬಾಗಿಲು ತೆಗೆಯಿರಿ. ಶಟರನ್ನು ‘ಬಿ’ಗೆ (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದೇ ಇರುವ ಗುರುತು) ಇಟ್ಟು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದು, ಹಿಡಿಕೆ ತಿರುಗಿಸಿ, ಗುಂಡಿ ಒತ್ತಿ ಹಿಡಿದುಕೊಳ್ಳಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಕಣ ಧೂಳು ಕಂಡರೆ ಚಿಂತೆಯಿಲ್ಲ, ಎಳೆ ಕಂಡರೆ ವಾಪಸ್. ಆಮೇಲೆ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಗಡಿಯಾರದ ಕೀ ಬಿಚ್ಚಿಕೊಂಡ ಹಾಗೆ ‘ಸರ್ರ್’ ಅಂತ ಒಂದೇ ಸಮನೆ ಸದ್ದು ಬಂದು ಮುಚ್ಚಬೇಕು. ನಡುವೆ ತಡವರಿಸಿದರೆ ಒಳಗಿನ ಹಳೆಯ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ಅದಕ್ಕೆ ಸರ್ವಿಸ್ ಮಾಡಿಸಬಹುದು, ಆ ಖರ್ಚು ಲೆಕ್ಕದಲ್ಲಿರಲಿ. ಸೆಲ್ಫ್ ಟೈಮರನ್ನು ಮಾತ್ರ ಮುಟ್ಟಬೇಡಿ. ವಯಸ್ಸಾದ ಶಟರ್‌ಗಳು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ ಜಾಸ್ತಿ.

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರಿಗೆ ಬೇಕಾಗಿದ್ದ 1.35 ವೋಲ್ಟಿನ ಪಾದರಸದ ಸೆಲ್ ಈಗ ಬರುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದರೆ ಮೀಟರ್ ಬೆಳಕನ್ನು ಜಾಸ್ತಿ ತೋರಿಸುತ್ತದೆ, ಫೋಟೊ ಕಪ್ಪಾಗುತ್ತದೆ. ಕಿವಿ ಯಂತ್ರಕ್ಕೆ ಹಾಕುವ ಜಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟ್, ಅದು ಹೊಂದುತ್ತದೆ. ಸ್ವಲ್ಪ ಚಿಕ್ಕದು, ಸುತ್ತ ಒಂದು ಉಂಗುರ ಬೇಕು. ಮೀಟರ್ ಸತ್ತಿದ್ದರೂ ಪರವಾಗಿಲ್ಲ, ಶಟರಿಗೆ ಸೆಲ್ ಬೇಕಿಲ್ಲ. ಸತ್ತ ಮೀಟರ್, ಶುದ್ಧ ಲೆನ್ಸ್ ಇರುವ ಕ್ಯಾಮೆರಾ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ.

ಕೂಡಿಟ್ಟದ್ದನ್ನೆಲ್ಲ ಕ್ಯಾಮೆರಾಕ್ಕೇ ಸುರಿಯಬೇಡಿ. ಫಿಲ್ಮಿಗೆ, ಡೆವಲಪ್ ಮಾಡಿಸಲು, ಸರ್ವಿಸಿಗೆ ಮೂರರಲ್ಲಿ ಒಂದು ಪಾಲು ಉಳಿಸಿಕೊಳ್ಳಿ. ರೋಲ್ ಹಾಕಲು ದುಡ್ಡಿಲ್ಲದೆ ಕ್ಯಾಮೆರಾ ಕಪಾಟಿನಲ್ಲಿ ಕೂತರೆ, ನಿಮ್ಮ ‘ಯಾಕೆ ಬೇಕಿತ್ತು’ ಮತ್ತೆ ಶುರುವಾಗುತ್ತದೆ.

ಪ್ರಶ್ನೆ: ಅಜ್ಜನ ಬಾಕ್ಸ್ ಕ್ಯಾಮೆರಾ ಸಿಕ್ಕಿದೆ. ಅದರ ಮೇಲೆ ‘620’ ಅಂತಿದೆ. ಆ ಫಿಲ್ಮ್ ಎಲ್ಲೂ ಇಲ್ಲ. ಷೋಕೇಸಿಗೇ ಇಡಬೇಕಾ?

ಉತ್ತರ: ಬೇಡ, ಬಳಸಿ. ಕೊಡಾಕ್ 620 ಫಿಲ್ಮ್ ನಿಲ್ಲಿಸಿದ್ದು 1995ರಲ್ಲಿ. ಆದರೆ ಅದರ ಫಿಲ್ಮಿನ ಅಗಲವೂ ಈಗಲೂ ಸಿಗುವ 120ರದೂ ಒಂದೇ. 120 ಅಂತೂ 1901ರಿಂದ ನಡೆದು ಬಂದಿದೆ. ಫಿಲ್ಮ್ ಸುತ್ತುವ ಸ್ಪೂಲ್ ಮಾತ್ರ ಬೇರೆ, 620ರದು ಸಣ್ಣ. ಕ್ಯಾಮೆರಾದೊಳಗೆ ಹಳೆಯ ಸ್ಪೂಲ್ ಇದೆಯಾ ನೋಡಿ. ಇದ್ದರೆ ಜೋಪಾನ ಮಾಡಿ, ಎರಡು ಬೇಕಾಗುತ್ತವೆ. ಪೂರ್ತಿ ಕತ್ತಲಲ್ಲಿ 120 ರೋಲನ್ನು ಆ ಸ್ಪೂಲಿಗೆ ಸುತ್ತಿಕೊಳ್ಳಬಹುದು. ಮೊದಲು ಹಾಳಾದ ರೋಲಿನಲ್ಲಿ ಬೆಳಕಲ್ಲೇ ಅಭ್ಯಾಸ ಮಾಡಿ, ಆಮೇಲೆ ಕಣ್ಣು ಮುಚ್ಚಿಕೊಂಡು.

ಪ್ರಶ್ನೆ: ಎಂಟು ವರ್ಷ ಹುಡುಕಿದ ಪುಸ್ತಕ ಸಿಕ್ಕಿತು. ಆದರೆ ಮುಗ್ಗಲು ವಾಸನೆ. ಅಂಚಿನಲ್ಲೆಲ್ಲ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಅಳಿಸಲಾ?

ಉತ್ತರ: ವಾಸನೆಗೆ ಮದ್ದಿದೆ. ಬೇರೆ ಪುಸ್ತಕಗಳಿಂದ ದೂರ ಇಡಿ. ಗಾಳಿಯಾಡುವ ನೆರಳಿನಲ್ಲಿ ಪುಟ ಬಿಡಿಸಿ ನಿಲ್ಲಿಸಿ, ಬಿಸಿಲು ಬೇಡ. ಆಮೇಲೆ ಮುಚ್ಚಳದ ಡಬ್ಬಿಯಲ್ಲಿ ಒಂದು ಬಟ್ಟಲು ಅಡುಗೆ ಸೋಡಾದ ಜೊತೆ ಕೆಲವು ದಿನ ಇಡಿ, ಸೋಡಾ ಪುಟಕ್ಕೆ ತಾಗದಿರಲಿ. ಸೆಂಟು, ಪೌಡರ್ ಏನೂ ಹಾಕಬೇಡಿ. ಹರಿದ ಕಡೆ ಸೆಲ್ಲೊಟೇಪ್ ಅಂತೂ ಬೇಡವೇ ಬೇಡ, ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ.

ಬರೆದಿದ್ದನ್ನು ಅಳಿಸಬೇಡಿ, ದಯವಿಟ್ಟು. ನನ್ನ ಹತ್ತಿರ ಇರುವ ಒಂದು ಫೋಟೊ ಪುಸ್ತಕದಲ್ಲಿ ಕಿಟಕಿ ಬಳಿ ಕೂತ ಮುದುಕಿಯ ಚಿತ್ರದ ಪಕ್ಕ ಹಿಂದಿನವರು ಪೆನ್ಸಿಲಿನಲ್ಲಿ ಬರೆದಿದ್ದಾರೆ: ‘ಮೋಡ. ಬೆಳಿಗ್ಗೆ ಏಳು. 1/30.’ ಅದರ ಕೆಳಗೆ ಇನ್ನೊಂದು ದಿನದ ಗೀಚು: ‘ಅಲುಗಿತು. ಸ್ಟ್ಯಾಂಡ್ ಬೇಕು.’ ಅವರು ಯಾರೋ ಗೊತ್ತಿಲ್ಲ. ಮೋಡದ ಬೆಳಿಗ್ಗೆ ಕ್ಯಾಮೆರಾ ತೆಗೆದಾಗೆಲ್ಲ ನಾನು ಮೊದಲು ಸ್ಟ್ಯಾಂಡ್ ಹುಡುಕುತ್ತೇನೆ.