ಮಗಳ ಪಾದದಲ್ಲಿ ಹೆಚ್ಚುವರಿ ಮೂಳೆ ಇದೆಯಂತೆ, ಆಪರೇಷನ್ ಮಾಡಿಸಲೇಬೇಕಾ?

ಗಾಬರಿ ಬೇಡ. ನಾನು ಡೊಂಬಿವಲಿಯಲ್ಲಿ ಫಿಸಿಯೋಥೆರಪಿಸ್ಟ್. ಭರತನಾಟ್ಯ ಕಲಿಯುವ 12 ವರ್ಷದ ಮಗಳಿಗೆ ಪಾದದ ಒಳಬದಿಯಲ್ಲಿ ಗಂಟು, ನೋವು, ರಿಪೋರ್ಟಿನಲ್ಲಿ 'ಆಕ್ಸೆಸರಿ ನ್ಯಾವಿಕ್ಯುಲರ್' ಅಂತ ಇದೆ ಎಂದಿದ್ದೀರಿ. ಅಂದರೆ ಪಾದದ ನ್ಯಾವಿಕ್ಯುಲರ್ ಅನ್ನುವ ಮೂಳೆಯ ಪಕ್ಕದಲ್ಲಿರುವ ಹೆಚ್ಚುವರಿ ಮೂಳೆ. ಅದು ಗಡ್ಡೆಯಲ್ಲ, ಏಟಿನಿಂದ ಬಂದದ್ದೂ ಅಲ್ಲ. ಸುಮಾರು 100ರಲ್ಲಿ 10 ಜನಕ್ಕೆ ಇರುತ್ತದೆ. ಜಾಸ್ತಿ ಜನಕ್ಕೆ ಗೊತ್ತೇ ಆಗುವುದಿಲ್ಲ.

ಮೊದಲು ಮೂಲ ನ್ಯಾವಿಕ್ಯುಲರ್ ಮೂಳೆಯನ್ನು ನಿಮ್ಮ ಕಾಲಿನಲ್ಲೇ ಹುಡುಕಿ. ಪಾದದ ಕೀಲಿನ (ಆಂಕಲ್) ಒಳಬದಿಯ ಉಬ್ಬಿನ ಮೇಲೆ ಬೆರಳಿಡಿ. ಅಲ್ಲಿಂದ ಹೆಬ್ಬೆರಳಿನ ಕಡೆಗೆ, ತುಸು ಕೆಳಕ್ಕೆ ಜಾರಿಸಿ. ಇನ್ನೊಂದು ಗಟ್ಟಿ ಉಬ್ಬು ಸಿಕ್ಕಿತಾ? ಅದೇ ನ್ಯಾವಿಕ್ಯುಲರ್. ಹಿಂದುಗಡೆ ಬಟ್ಟಲಿನ ಹಾಗೆ ತಗ್ಗು, ಅದರಲ್ಲಿ ಪಾದದ ಕೀಲಿನ ಟೇಲಸ್ ಮೂಳೆಯ ತಲೆ ಕೂರುತ್ತದೆ. ಮುಂದುಗಡೆ ಮೂರು ಕ್ಯೂನಿಫಾರ್ಮ್ ಮೂಳೆಗಳು. ಈಗ ಪಾದವನ್ನು ಒಳಕ್ಕೆ ತಿರುಗಿಸಿ, ಕೈಯಿಂದ ಅದನ್ನು ತಡೆಯಿರಿ. ಪಾದದ ಕೀಲಿನ ಹಿಂದಿನಿಂದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಒಂದು ಬಿಗಿದು ಆ ಉಬ್ಬಿಗೆ ಬಂದು ಸೇರುವುದು ಬೆರಳಿಗೆ ತಾಗುತ್ತದೆ. ಟಿಬಿಯಾಲಿಸ್ ಪೋಸ್ಟೀರಿಯರ್ ಅಂತ ಅದರ ಹೆಸರು. ಪಾದದ ಕಮಾನನ್ನು ಎತ್ತಿ ಹಿಡಿಯುವ ಮುಖ್ಯ ಟೆಂಡನ್.

ತಕರಾರು ಶುರುವಾಗುವುದು ಇಲ್ಲೇ. ಹೆಚ್ಚುವರಿ ಮೂಳೆಯಲ್ಲಿ ಮೂರು ಬಗೆ. ಟೈಪ್ 1ರಲ್ಲಿ 2-3 ಮಿಲಿಮೀಟರಿನ ಮೂಳೆ ಚೂರು ಟೆಂಡನ್ ಒಳಗೇ ಹುದುಗಿರುತ್ತದೆ, ಸುಮ್ನೆ ಇರುತ್ತದೆ. ಟೈಪ್ 3ರಲ್ಲಿ ಮೂಳೆಗೆ ಪೂರ್ತಿ ಬೆಸೆದುಕೊಂಡಿರುತ್ತದೆ. ಕಾಟ ಕೊಡುವುದು ಹೆಚ್ಚಾಗಿ ಟೈಪ್ 2. ಇಲ್ಲಿ ಮೂಳೆಗೂ ಚೂರಿಗೂ ನಡುವೆ ಮೃದ್ವಸ್ಥಿಯ ಜೋಡಣೆ ಇರುತ್ತದೆ. ಟೆಂಡನ್ ಎಳೆದಾಗಲೆಲ್ಲ ಆ ಜೋಡಣೆಗೆ ಪೆಟ್ಟು. ರಿಪೋರ್ಟಿನಲ್ಲಿ ಯಾವ ಟೈಪ್ ಅಂತ ಇದೆಯಾ ನೋಡಿ.

ಮಾಟುಂಗಾ ಕಡೆಯಿಂದ ನನ್ನ ಹತ್ತಿರ ಬರುವ ನೃತ್ಯದ ಹುಡುಗಿಯರಲ್ಲಿ ಒಂದು ವಿಷಯ ಗಮನಿಸಿದ್ದೇನೆ. ಅರಮಂಡಿಯಲ್ಲಿ (ಮಂಡಿ ಬಗ್ಗಿಸಿ ಅರ್ಧ ಕೂರುವ ಭಂಗಿ) ಸೊಂಟದಿಂದ ಕಾಲು ತೆರೆಯದೆ ಬರೀ ಪಾದವನ್ನು ಹೊರಗೆ ತಿರುಗಿಸುತ್ತಾರೆ. ಕಮಾನು ಒಳಕ್ಕೆ ಕುಸಿಯುತ್ತದೆ. ಆ ಭಂಗಿಯಲ್ಲೇ ತಟ್ಟಡವು, ಅಂದರೆ ಪಾದ ತಟ್ಟುವ ಹೆಜ್ಜೆ, ಹಾಕಿದರೆ ನೋಯದೆ ಇರುತ್ತದಾ? ಇದನ್ನು ಗುರುಗಳಿಗೆ ಹೇಳಿ, ಬೇಜಾರು ಮಾಡಿಕೊಳ್ಳಲ್ಲ. ಕೆಲವು ವಾರ ತಟ್ಟುವುದು, ಹಾರುವುದು ಬೇಡ. ಗಂಟನ್ನು ಒತ್ತುವ ಸ್ಕೂಲ್ ಶೂ ಬದಲಿಸಿ, ಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಹಾಕಿ. ನೋವು ಇಳಿದ ಮೇಲೆ ವ್ಯಾಯಾಮ.

ತಿಂಗಳುಗಟ್ಟಲೆ ಇಷ್ಟೆಲ್ಲ ಮಾಡಿಯೂ ನೋವು ಹೋಗದಿದ್ದರೆ ಮಾತ್ರ ಆಪರೇಷನ್ ಮಾತು. ಚೂರನ್ನು ತೆಗೆದು, ಬೇಕಿದ್ದರೆ ಟೆಂಡನ್ನನ್ನು ಮೂಳೆಗೆ ಮತ್ತೆ ಕೂಡಿಸುತ್ತಾರೆ.

ಒಂದು ಎಚ್ಚರಿಕೆ. ನೋವು ಒಳಬದಿಯ ಗಂಟಿನಲ್ಲಲ್ಲ, ಪಾದದ ಮೇಲ್ಭಾಗದಲ್ಲಿದ್ದು ಓಡಿದಾಗ ಜಾಸ್ತಿಯಾಗುತ್ತಿದ್ದರೆ ಲೆಕ್ಕಾಚಾರ ಬೇರೆ. ನ್ಯಾವಿಕ್ಯುಲರ್‌ನ ನಡುಭಾಗಕ್ಕೆ ರಕ್ತ ಹರಿಯುವುದು ಕಡಿಮೆ. ಅಲ್ಲಿ ಬೀಳುವ ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹಾಗಿದ್ದರೆ ಎಂಆರ್‌ಐ ಅಥವಾ ಸಿಟಿ ಬೇಕಾ ಅಂತ ಮೂಳೆ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಕುಣಿತ ಪೂರ್ತಿ ಬಂದ್.