ಓದುಗರ ಪ್ರಶ್ನೆ: ಹಣ್ಣೆಲೆ ನೋಡಲು ಒಂದು ದಿನದ ಪಯಣ

ಪ್ರಶ್ನೆ: ನಾವು ಬಾಸ್ಟನ್‌ನಲ್ಲಿದ್ದೇವೆ. ಅಕ್ಟೋಬರ್‌ನಲ್ಲಿ ದಾವಣಗೆರೆಯಿಂದ ಅಪ್ಪ, ಅಮ್ಮ ಬಂದಿರುತ್ತಾರೆ. ಫಾಲ್ ಕಲರ್ಸ್ (ಉದುರುವ ಮುನ್ನ ಎಲೆಗಳು ತಳೆಯುವ ಬಣ್ಣ) ತೋರಿಸಲು ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೆದ್ದಾರಿಗೆ ಒಂದೇ ದಿನದಲ್ಲಿ ಹೋಗಿಬರಬಹುದೇ? ಅಮ್ಮನಿಗೆ ಮಂಡಿನೋವಿದೆ, ಹೆಚ್ಚು ನಡೆಯಲಾರರು. ಯಾವ ವಾರ ಹೋಗಬೇಕು, ಯಾವ ಕಡೆಯಿಂದ?

ಉತ್ತರ: ಖಂಡಿತ ಹೋಗಿಬರಬಹುದು, ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ. ಸಾಧ್ಯವಾದರೆ ಕೆಲಸದ ದಿನವೇ ರಜೆ ಹಾಕಿ ಹೋಗಿ. ಅಕ್ಟೋಬರ್‌ನ ಎರಡನೇ ಸೋಮವಾರ ಸರಕಾರಿ ರಜೆ. ಅದಕ್ಕೆ ಅಂಟಿಕೊಂಡ ಶನಿವಾರ, ಭಾನುವಾರ ಮಾತ್ರ ಬೇಡವೇ ಬೇಡ. ಅಪ್ಪ, ಅಮ್ಮ ಎಲೆಗಿಂತ ಹೆಚ್ಚು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡಬೇಕಾಗುತ್ತದೆ.

ವಾರ ಯಾವುದೆಂಬುದನ್ನು ಎತ್ತರ ನಿರ್ಧರಿಸುತ್ತದೆ. ಈ ದಾರಿಯ ನೆತ್ತಿ 2,855 ಅಡಿ ಎತ್ತರದಲ್ಲಿದೆ. ಪೂರ್ವದ ತುದಿಯ ಕಾನ್ವೇ ಊರು 500 ಅಡಿಯ ಆಸುಪಾಸಿನಲ್ಲಿದೆ. ಎಲೆ ಮೇಲಿನಿಂದ ಕೆಳಕ್ಕೆ ಹಣ್ಣಾಗುತ್ತ ಬರುತ್ತದೆ. ನೆತ್ತಿಯ ಹತ್ತಿರ ಸೆಪ್ಟೆಂಬರ್ ಕೊನೆಗೇ ಬಣ್ಣ ಏರಿದರೆ, ಕಣಿವೆಯಲ್ಲಿ ಅಕ್ಟೋಬರ್ ಎರಡನೇ ವಾರವೂ ಇರುತ್ತದೆ. ಅಕ್ಟೋಬರ್ 1ರಿಂದ 10ರೊಳಗಿನ ಒಂದು ದಿನ ಹಿಡಿದರೆ ಎಲ್ಲಾದರೂ ಒಂದು ಕಡೆ ಬಣ್ಣ ಸಿಕ್ಕೇ ಸಿಗುತ್ತದೆ. ಮೇಲೆ ಮರ ಬೋಳಾಗಿದ್ದರೆ ನಿರಾಶರಾಗಬೇಡಿ, ಕೆಳಗಿಳಿಯಿರಿ.

ಹೆಚ್ಚಿನವರು 93ನೇ ಹೆದ್ದಾರಿ ಹಿಡಿದು ಪಶ್ಚಿಮದ ತುದಿಯ ಲಿಂಕನ್ ಊರಿನ ಕಡೆಯಿಂದ ಹೊಕ್ಕುತ್ತಾರೆ. ಹಾಗೆ ಹೋದರೆ ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ನೀವು 95 ಮತ್ತು 16ನೇ ಹೆದ್ದಾರಿಯಲ್ಲಿ ಕಾನ್ವೇಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ. ಕಾನ್ವೇಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ತಿರುವು ನಾರ್ತ್ ಕಾನ್ವೇಗಿಂತ ಮೊದಲೇ ಬರುವುದರಿಂದ ಅಲ್ಲಿನ ಅಂಗಡಿ ಸಾಲಿನ ಟ್ರಾಫಿಕ್ ತಪ್ಪುತ್ತದೆ. ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಗುಡ್ಡದ ಮೇಲೆ ಬೆಳಕು ಬಿದ್ದಿರುತ್ತದೆ. ನದಿ ಪಕ್ಕದ ಮುಖ್ಯ ನಿಲುಗಡೆಗಳೂ ಬಲಗಡೆಗೇ ಬರುತ್ತವೆ, ಎದುರು ಬರುವ ಸಾಲನ್ನು ದಾಟಬೇಕಿಲ್ಲ.

ಹೆದ್ದಾರಿಯ ಉದ್ದ 34.5 ಮೈಲಿ. ನಿಲ್ಲದೆ ಹೋದರೆ ಒಂದು ಗಂಟೆ, ನೋಡುತ್ತ ಹೋದರೆ ಐದು ಗಂಟೆ. ಕಾನ್ವೇಯಿಂದ ಸುಮಾರು ಆರು ಮೈಲಿಗೆ 1858ರ ಆಲ್ಬನಿ ಸೇತುವೆ, ಚಾವಣಿ ಹೊದ್ದ ಮರದ ಸೇತುವೆ. ಮುಂದೆ ಲೋವರ್ ಫಾಲ್ಸ್ ಜಲಪಾತದ ಬಳಿ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಸ್ವಿಫ್ಟ್ ನದಿ. ಅಮ್ಮನಿಗೆ ಇದೇ ಸರಿಯಾದ ಜಾಗ, ಬುತ್ತಿಯನ್ನು ಇಲ್ಲೇ ಬಿಚ್ಚಿ. ರಾಕಿ ಗಾರ್ಜ್ ಎಂಬ ಬಂಡೆಗಳ ಕಂದರದಲ್ಲೂ ನಡಿಗೆ ಕಡಿಮೆ. ಎಡಗಡೆ ಬರುವ ಸ್ಯಾಬಡೇ ಜಲಪಾತಕ್ಕೆ ಸುಮಾರು ಮೂರನೇ ಒಂದು ಮೈಲಿ ನಡೆಯಬೇಕು. ದಾರಿ ಹದವಾಗಿದೆ, ಆದರೆ ಕೊನೆಯಲ್ಲಿ ಮೆಟ್ಟಿಲುಗಳಿವೆ. ನೆತ್ತಿ ದಾಟಿದ ಮೇಲೆ ಪೆಮಿಜೆವಾಸೆಟ್ ನೋಟದ ಕಟ್ಟೆಯಲ್ಲಿ ಕಾರು ನಿಲ್ಲಿಸಿದಲ್ಲಿಂದಲೇ ಇಡೀ ಬೆಟ್ಟಸಾಲು ಕಾಣುತ್ತದೆ.

ಈ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ಬಹುಪಾಲು ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಕಾನ್ವೇಯಲ್ಲೇ ಟ್ಯಾಂಕ್ ತುಂಬಿಸಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜಲಪಾತಗಳ ಬಳಿ ಕಾರು ನಿಲ್ಲಿಸಲು ದಿನಕ್ಕೆ 5 ಡಾಲರ್, ಒಮ್ಮೆ ಕಟ್ಟಿದರೆ ಆ ದಿನ ಎಲ್ಲ ನಿಲುಗಡೆಗೂ ನಡೆಯುತ್ತದೆ. ಲಕೋಟೆಗೆ ಹಣ ಹಾಕಿ ಡಬ್ಬಿಗೆ ಬಿಡುವ ಕ್ರಮವಿದೆ, ಚಿಲ್ಲರೆ ಕೊಡಲು ಅಲ್ಲಿ ಯಾರೂ ಇರುವುದಿಲ್ಲ. ಐದರ ನೋಟು ಇಟ್ಟುಕೊಂಡಿರಿ. ಬೆಳಗಿನ ಚಳಿ ನಮ್ಮೂರಿನವರಿಗೆ ಜೋರೇ. ಹಿರಿಯರಿಗೆ ಸ್ವೆಟರ್ ಮೇಲೊಂದು ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕು.

ಕತ್ತಲಾಗುವ ಮೊದಲೇ ಲಿಂಕನ್ ತಲುಪಿ. ಅಕ್ಟೋಬರ್ ಮಧ್ಯಕ್ಕೆ ಅಲ್ಲಿ ಆರು ಗಂಟೆ ದಾಟುತ್ತಲೇ ಹೊತ್ತು ಮುಳುಗುತ್ತದೆ, ಮುಸ್ಸಂಜೆಗೆ ಮೂಸ್ ಎಂಬ ಭಾರೀ ಜಿಂಕೆ ರಸ್ತೆಗಿಳಿಯುತ್ತದೆ. ಅದು ಎಷ್ಟು ಎತ್ತರವೆಂದರೆ ಹೆಡ್‌ಲೈಟ್ ಬೆಳಕು ಕಣ್ಣಿನವರೆಗೆ ಮುಟ್ಟದೆ, ಕಣ್ಣು ಹೊಳೆಯುವುದೇ ಇಲ್ಲ. ಗುದ್ದಿದರೆ ಅದರ ಮೈ ನೇರ ಗಾಜಿನ ಮೇಲೆ ಬೀಳುತ್ತದೆ.

ಪ್ರಶ್ನೆ: ಒಂದು ವರ್ಷ ಬೆಂಕಿಯಂಥ ಕೆಂಪು, ಮರುವರ್ಷ ಬರೀ ಹಳದಿ. ಏಕೆ ಹೀಗೆ?

ಉತ್ತರ: ಹಳದಿ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇರುತ್ತದೆ. ಹಸಿರು ಕರಗಿದಾಗ ಹೊರಗೆ ಕಾಣುತ್ತದೆ, ಅಷ್ಟೆ. ಹಾಗಾಗಿ ಬರ್ಚ್ ಮರಗಳ ಹಳದಿ ಅಷ್ಟಾಗಿ ಕೈಕೊಡುವುದಿಲ್ಲ. ಮೇಪಲ್‌ನ ಕೆಂಪು ಹಾಗಲ್ಲ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಎಲೆ ತನ್ನಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ತಂಪು ಇದ್ದರೆ ಕೆಂಪು ಚೆನ್ನಾಗಿ ಏರುತ್ತದೆ. ಮೋಡ, ಬೆಚ್ಚನೆಯ ರಾತ್ರಿಗಳು ಮುಂದುವರಿದರೆ ಬಣ್ಣ ಮಂಕು. ಬೇಸಿಗೆಯಲ್ಲಿ ಬರ ಬಿದ್ದಿದ್ದರೆ ಎಲೆ ಬೇಗ ಉದುರುತ್ತದೆ. ಹೊರಡುವ ಎರಡು ದಿನ ಮುಂಚೆ ಜೋರು ಗಾಳಿ ಮಳೆಯ ಮುನ್ಸೂಚನೆ ಇದ್ದರೆ, ದಿನವನ್ನು ಹಿಂದಕ್ಕೆ ತನ್ನಿ, ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಕರ್ನಾಟಕದಲ್ಲೇ ಇಂಥದ್ದನ್ನು ನೋಡಬಹುದೇ?

ಉತ್ತರ: ಅಕ್ಟೋಬರ್‌ನಲ್ಲಿ ಇಲ್ಲ, ಆಗ ನಮ್ಮ ಕಾಡು ಮಳೆ ಕುಡಿದು ಹಸಿರಾಗಿರುತ್ತದೆ. ನಮ್ಮಲ್ಲಿ ಎಲೆ ಉದುರಿಸುವುದು ಚಳಿಯಲ್ಲ, ನೀರಿನ ಕೊರತೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಹೋದರೆ ತೇಗ, ಮತ್ತಿ ಬೋಳಾಗಿ ನಿಂತ ನಡುವೆ ಮುತ್ತುಗ ಕೆಂಪಗೆ ಹೂ ಬಿಟ್ಟಿರುತ್ತದೆ. ಆ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ. ಕಾಡಿನೊಳಗೆ ಕಾರು ನಿಲ್ಲಿಸಿ ಇಳಿಯುವಂತೆಯೂ ಇಲ್ಲ. ಚಿಗುರಿನ ಬಣ್ಣ ಸಾಕೆಂದರೆ ಅಷ್ಟು ದೂರವೂ ಬೇಡ, ಯುಗಾದಿಯ ಆಸುಪಾಸಿನಲ್ಲಿ ಊರ ಅರಳಿಕಟ್ಟೆಯ ಮರವನ್ನು ತಲೆಯೆತ್ತಿ ನೋಡಿ. ಎಳೆ ಎಲೆಯೆಲ್ಲ ತಾಮ್ರದ ಬಣ್ಣ.